ಮಾವನಿಗೊಂದು ಸಿಳ್ಳೆಗೊಳಲು

ಅತ್ತೆ ತೀರಿಕೊಂಡ ಆರನೇ ವಾರದ ಭಾನುವಾರ, ಮನೆಯವರೆಲ್ಲ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದಾಗ ಮಾವ ಬಾಯಿ ಬಿಟ್ಟರು.

"ನನಗೊಂದು ಸಿಳ್ಳೆಗೊಳಲು ಬೇಕು."

ಬಡಿಸುತ್ತಿದ್ದ ಸೊಸೆಯ ಕೈ ಅಲ್ಲೇ ನಿಂತಿತು. ಆರು ವಾರದಿಂದ 'ಹೂಂ', 'ಸಾಕು', 'ಆಮೇಲೆ' ಎಂಬ ಮೂರು ಮಾತು ಬಿಟ್ಟರೆ ಆ ಮನುಷ್ಯ ನಾಲ್ಕನೆಯದನ್ನು ಆಡಿರಲಿಲ್ಲ. ಕೊಟ್ಟಿದ್ದನ್ನು ತಿನ್ನುತ್ತಿದ್ದರು. ಮಡಚಿಟ್ಟ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಚುತ್ತಿದ್ದರು. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಕೆಳಗಿನ ಸೈಕಲ್ ಅಂಗಡಿಯವನು ಪಂಕ್ಚರ್ ಹಾಕುವುದನ್ನು ಹೊತ್ತು ಮುಳುಗುವವರೆಗೆ ನೋಡುತ್ತಿದ್ದರು.

"ಇದ್ದ ಕೊಳಲನ್ನ ನೀನೇ ಅಮ್ಮನ ಕೈಗಿಟ್ಟು ಮಣ್ಣಿಗೆ ಕಳಿಸಿದೆ," ಎಂದ ಮಗ, ತಟ್ಟೆಯಿಂದ ತಲೆ ಎತ್ತದೆ. "ಬೇಡ ಅಪ್ಪ, ಆಮೇಲೆ ಪರದಾಡ್ತೀಯ ಅಂತ ಎಷ್ಟು ಬಡ್ಕೊಂಡೆ."

"ಅವಳಿಗೆ ಕೊಟ್ಟಿದ್ದು ಅವಳದು. ಈಗ ನನಗೆ ಬೇಕು."

"ಈ ವಯಸ್ಸಲ್ಲಿ ಕೊಳಲು ತಗೊಂಡು ಏನು ಮಾಡ್ತೀಯ?"

"ನಮ್ಮ ಮಿಲ್ಲಿನ ಸಭಾಂಗಣದ ಹೊಸ ಕಾರ್ಯದರ್ಶಿ ನಿನ್ನೆ ಬಂದಿದ್ದ. ಈ ವರ್ಷ ತೀರಿಕೊಂಡೋರ ನೆನಪಿಗೆ ಸಭೆ ಮಾಡ್ತಾರಂತೆ, ಮುಂದಿನ ತಿಂಗಳ ಕೊನೇ ಭಾನುವಾರ. ನಿಮ್ಮ ಮನೆಯವರು ಹಾಡ್ತಿದ್ದ ದಾರದ ಹಾಡನ್ನ ನೀವು ನುಡಿಸಿ ಅಂದ. ಒಪ್ಕೊಂಡೆ."

ಮಗ ತಟ್ಟೆಯಿಂದ ತಲೆ ಎತ್ತಿದ. ಅವನು ಹೆಂಡತಿಯ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಲೋಟ ಎತ್ತಿ ನೀರು ಕುಡಿದ. ಖರ್ಚಿನ ಯೋಚನೆ ಇರಬೇಕು ಎಂದುಕೊಂಡಳು ಅವಳು.

ಸಿಳ್ಳೆಗೊಳಲೆಂದರೆ ಅಡ್ಡ ಹಿಡಿಯುವ ಕೊಳಲಲ್ಲ. ಗೇಣಿಗಿಂತ ತುಸು ಉದ್ದದ ಲೋಹದ ಕೊಳವೆ. ಮೈಮೇಲೆ ಆರು ತೂತು. ಬಾಯಿಯ ಕಡೆ ಒಂದು ಮರದ ಬಿರಡೆ. ತುಟಿಗೆ ನೇರ ಇಟ್ಟು ಊದಬೇಕು. ಮಾವ ನಲವತ್ತು ವರ್ಷ ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸಿದವರು. ವಾರವಿಡೀ ಮಗ್ಗ, ರಜೆಯ ದಿನ ಮಿಲ್ಲಿನವರ ಸಭಾಂಗಣದಲ್ಲಿ ಕುಣಿತಕ್ಕೆ ಕೊಳಲು. ಅವರ ಅಪ್ಪನಿಂದ ಬಂದ ಹಳೆಯ ಧಾಟಿಗಳು ಅವರ ಬೆರಳಲ್ಲಿದ್ದವು. ಮಾತುಗಳು ಅತ್ತೆಯ ಬಾಯಲ್ಲಿದ್ದವು. ಅವರು ಊದಿದರೆ ಅತ್ತೆ ಹಾಡುತ್ತಿದ್ದರು. ಸೊಸೆ ಈ ಮನೆಗೆ ಬರುವ ಹೊತ್ತಿಗಾಗಲೇ ಅದು ಕಿಟಕಿ ಬಾಗಿಲಿನ ಹಾಗೆ ಮನೆಯ ಒಂದು ಭಾಗವಾಗಿ ಹೋಗಿತ್ತು. ಹಾಡಿನ ಗಂಧಗಾಳಿ ಅವಳಿಗಿರಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಬರುವವಳಿಗೆ ಮನೆಯಲ್ಲಿ ಬೇಕಾದದ್ದು ಒಂದು ಕುರ್ಚಿ, ಒಂದು ಲೋಟ ಚಹಾ.

ಎರಡು ದಿನ ಬಿಟ್ಟು ಗಂಡ ಬಸ್ ಡಿಪೋದಿಂದ ಬರುವಾಗ ಆಟಿಕೆ ಅಂಗಡಿಯ ಒಂದು ಪ್ಲಾಸ್ಟಿಕ್ ಪೀಪಿ ತಂದು ಮೇಜಿನ ಮೇಲಿಟ್ಟ. ಮಾವ ಒಂದು ಸಲ ಊದಿ ಕೆಳಗಿಟ್ಟರು.

"ಚೆನ್ನಾಗಿದೆ. ನಿನ್ನ ಬಸ್ಸಿನ ಕಂಡಕ್ಟರಿಗೆ ಕೊಡು. ರೈಟ್ ಹೇಳೋಕೆ ಬರುತ್ತೆ."

ಹನ್ನೆರಡು ವರ್ಷದ ಮೊಮ್ಮಗಳು ಕಿಸಕ್ಕನೆ ನಕ್ಕಳು. ಚಿಕ್ಕ ಆಕಾರ, ಖಾರದ ನಾಲಿಗೆ. ಅತ್ತೆಯೇ ಅವಳಿಗೆ 'ಮೆಣಸು' ಎಂದು ಹೆಸರಿಟ್ಟಿದ್ದು. ಅಪ್ಪನ ಮುಖ ಕೆಂಪಾದದ್ದು ನೋಡಿ ನಗುವನ್ನು ಅರ್ಧಕ್ಕೇ ನುಂಗಿದಳು.

"ನಿನಗೆ ಏನು ತಂದರೂ ಸರಿಹೋಗಲ್ಲ," ಎಂದು ಗಂಡ ಅಂಗಿಯ ಗುಂಡಿ ಬಿಚ್ಚುತ್ತ ಒಳಗೆ ಹೋದ.

ಶನಿವಾರ ಸೊಸೆಯೇ ಮಾವನನ್ನು ವಾದ್ಯದ ಅಂಗಡಿಗೆ ಕರೆದುಕೊಂಡು ಹೋದಳು. ಗಾಜಿನ ಕಪಾಟಿನಲ್ಲಿ ಮಖಮಲ್ಲಿನ ಮೇಲೆ ಮಲಗಿಸಿದ್ದ ಕೊಳಲುಗಳು. ಕೈಯಲ್ಲೇ ಮಾಡಿದ್ದು ಎಂದ ಅಂಗಡಿಯವನು ಬೆಲೆ ಹೇಳುವಾಗ ಮಾತ್ರ ದನಿ ತಗ್ಗಿಸಿದ. ಅವಳ ಒಂದು ತಿಂಗಳ ಸಂಬಳ! ಮಾವ ಅದನ್ನು ಬಿಸಿ ಪಾತ್ರೆ ಇಟ್ಟ ಹಾಗೆ ಮೆಲ್ಲಗೆ ಕೆಳಗಿಟ್ಟು, ಮಖಮಲ್ಲನ್ನು ಬೆರಳಿಂದ ಸರಿಮಾಡಿ ಹೊರಗೆ ಬಂದರು.

"ಮನುಷ್ಯರು ಮಲಗೋ ಹಾಸಿಗೆಗಿಂತ ಅದರದ್ದೇ ಮೆತ್ತಗಿದೆ," ಎಂದರು ರಸ್ತೆಯಲ್ಲಿ. ಆರು ವಾರದಲ್ಲಿ ಅವರು ಮಾಡಿದ ಎರಡನೇ ತಮಾಷೆ. ಅವಳಿಗೆ ಜೀವ ಬಂದ ಹಾಗಾಯಿತು. ಹೇಗಾದರೂ ಸರಿ, ಇವರಿಗೊಂದು ಕೊಳಲು ಹುಡುಕಿಕೊಡಲೇಬೇಕು ಎಂದು ಅಲ್ಲೇ ಮನಸ್ಸು ಮಾಡಿದಳು.

ಬೆಸುಗೆಯವಳ ಸುದ್ದಿ ತಂದದ್ದು ಮೆಣಸು. ಅವಳ ಗೆಳತಿಯ ಅಣ್ಣ ಅಲ್ಲೇ ಕೊಂಡಿದ್ದನಂತೆ. ಅವನದರಲ್ಲಿ ಇವಳೂ ಅಷ್ಟಿಷ್ಟು ಊದಲು ಕಲಿತಿದ್ದಳು. ತರಕಾರಿ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ತಗಡಿನ ಮಾಡು. ತೂತು ಬಿದ್ದ ಬಕೆಟ್ಟು, ಹಿಡಿ ಕಿತ್ತ ಕೆಟಲು, ಸೋರುವ ಕೊಳಾಯಿಗಳ ನಡುವೆ ಐವತ್ತರ ಆಸುಪಾಸಿನ ಹೆಂಗಸು ಮಂಡಿಯ ಮೇಲೆ ಚರ್ಮ ಹಾಸಿಕೊಂಡು ಕುಳಿತಿದ್ದಳು. ಮಿಕ್ಕ ಹಿತ್ತಾಳೆ ಕೊಳವೆಯಿಂದ ಕೊಳಲು ಮಾಡುವುದು ಅವಳ ಅಪ್ಪನಿಂದ ಬಂದ ವಿದ್ಯೆ. ಬೆಲೆ, ಮಕ್ಕಳ ಒಂದು ಜೊತೆ ಸ್ಕೂಲ್ ಶೂಗಿಂತ ಕಡಿಮೆ.

ಮಾವ ಕೊಳಲನ್ನು ಮೊದಲು ಊದಲಿಲ್ಲ. ಬೆಳಕಿಗೆ ಹಿಡಿದು ಒಳಗೆ ಇಣುಕಿದರು. ಪ್ರತಿ ತೂತಿನ ಅಂಚಿಗೂ ಹೆಬ್ಬೆರಳು ಆಡಿಸಿದರು. ಬಾಯಿಯ ಕೆಳಗೆ ಗಾಳಿ ಸೀಳುವ ತೆಳು ಅಂಚನ್ನು ಉಗುರಿನಿಂದ ಮುಟ್ಟಿದರು.

"ಕೆಲಸ ಗೊತ್ತಿದೆ ಈಕೆಗೆ," ಎಂದರು ಸೊಸೆಯ ಕಡೆ ತಿರುಗಿ.

"ಗೊತ್ತಿಲ್ದೆ ಬೆಂಕಿ ಮುಂದೆ ಕೂತ್ಕೋತಾರಾ ಯಜಮಾನ್ರೇ?" ಎಂದಳು ಬೆಸುಗೆಯವಳು. "ಒಂದು ವಾರ ಇಟ್ಕೊಂಡು ನೋಡಿ. ಕೆಲವು ಜಾಸ್ತಿ ಉಸಿರು ಕೇಳ್ತವೆ, ಕೆಲವು ಕಮ್ಮಿ. ಹಿಡಿಸ್ಲಿಲ್ಲ ಅಂದ್ರೆ ವಾಪಸ್ ತನ್ನಿ, ಬೇರೆ ಕೊಡ್ತೀನಿ."

ರಾತ್ರಿಪಾಳಿ ಮುಗಿಸಿ ಬಂದ ಗಂಡ ಹಗಲು ಮಲಗುತ್ತಿದ್ದ. ಹಾಗಾಗಿ ಮಾವ ಕೊಳಲು ತಗೊಂಡು ತಾರಸಿಗೆ ಹೋಗುತ್ತಿದ್ದರು. ಅಡುಗೆಮನೆಗೆ ಅದು ರಸ್ತೆಯ ಗಲಾಟೆಯ ಜೊತೆ ಬೆರೆತು ಎಳೆ ಎಳೆಯಾಗಿ ಕೇಳುತ್ತಿತ್ತು. ನಾಲ್ಕನೇ ದಿನ ಕೆಳಗಿಳಿದು ಬಂದು ಕೊಳಲನ್ನು ಅವಳ ಮುಂದೆ ಚಾಚಿದರು.

"ಇದು ಬೇಡಮ್ಮ. ಕೆಳಗೆ ಚೆನ್ನಾಗಿದೆ, ಮೇಲಿನ ಸ್ವರ ಮೂಕ. ಎಷ್ಟು ಊದಿದ್ರೂ ಬರೀ ಗಾಳಿ."

ಎರಡನೆಯದು ಬಂತು. ಅದೂ ಹಾಗೇ: ಮೇಲೆ ಮೂಕ. ಮೂರನೆಯದೂ ಹಾಗೇ. ಸಭೆಗೆ ಇನ್ನು ಹತ್ತೊಂಬತ್ತು ದಿನ. "ಕೊಳಲಲ್ಲ ಅಪ್ಪನಿಗೆ ಬೇಕಿರೋದು, ನಮ್ಮನ್ನ ಓಡಾಡ್ಸೋಕೆ ಒಂದು ನೆಪ," ಎಂದು ಗಂಡ ಗೊಣಗಿದ. ಅವನ ದನಿಯಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು, ಹೆದರಿಕೆಯ ಹಾಗೆ. ಅವಳು ಲಾಂಡ್ರಿಯಿಂದ ನೇರ ಗಲ್ಲಿಗೆ ಹೋಗಿ ಮೂರನೇ ಕೊಳಲನ್ನು ಮುಂದಿಟ್ಟಾಗ ಬೆಸುಗೆಯವಳ ಹುಬ್ಬು ಗಂಟಾಯಿತು.

"ಮೂಕ ಅಂದ್ರಾ? ನನ್ನ ಕೊಳಲು?" ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳು ಅದನ್ನು ತುಟಿಗಿಟ್ಟಳು. ಕೆಳಗಿನಿಂದ ಹೊರಟ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಏರಿ ಮೇಲೆ ಹೋಗಿ, ತಗಡಿನ ಮಾಡಿಗೆ ತಾಗಿ ಝಣ್ಣೆಂದಿತು. ಎದುರಿನ ಅಂಗಡಿಯಲ್ಲಿ ಈರುಳ್ಳಿ ಆರಿಸುತ್ತಿದ್ದವನು ತಲೆ ಹೊರಗೆ ಹಾಕಿದ. ಉಳಿದೆರಡನ್ನೂ ಅವಳು ಗೂಡಿನಿಂದ ತೆಗೆದು ಊದಿದಳು. ಒಂದಕ್ಕಿಂತ ಒಂದು ಚುರುಕು.

"ಈಗ ಹೇಳಕ್ಕ. ಮೂಕ ಯಾವುದು?"

ವಾಷಿಂಗ್ ಮೆಷಿನ್ ಕೆಲಸ ಮುಗಿಸಿ ಪಕ್ಕದಲ್ಲೇ ಕುಯ್‌ಗುಟ್ಟುತ್ತಿದ್ದರೂ ಕದಲದೆ ಪೇಪರ್ ಓದುವ ಮಾವ. ಕರೆಗಂಟೆ ಹೊಡೆದು ಹೊಡೆದು ಸೋತು ಬಾಗಿಲು ಗುದ್ದುವ ಮೆಣಸು. ಎಲ್ಲವೂ ಸೊಸೆಗೆ ಒಟ್ಟಿಗೆ ನೆನಪಾದವು.

ಮರುದಿನ ಗಂಡನಿಗೆ ರಜೆ. ಮಾವ ತಾರಸಿಯಲ್ಲಿದ್ದರು. ಅವಳು ಪಾತ್ರೆ ತಿಕ್ಕುತ್ತಿದ್ದಳು, ಅವನು ಒರೆಸಿ ಇಡುತ್ತಿದ್ದ.

"ನಿಮ್ಮಪ್ಪನಿಗೆ ಮೇಲಿನ ಸ್ವರ ಕೇಳ್ಸಲ್ಲ ರೀ."

ಅವನು ಒರೆಸುತ್ತಿದ್ದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸಿದ.

"ಗೊತ್ತು," ಎಂದ ಕೊನೆಗೆ. "ಅಮ್ಮನಿಗೆ ಮೊದಲು ಗೊತ್ತಾಯ್ತು. ಏಳು ವರ್ಷ ಆಯ್ತು. ಮಗ್ಗದ ಸದ್ದು ಕಿವಿ ತಿಂದುಬಿಟ್ಟಿತ್ತು. ಕುಣಿತದಲ್ಲಿ ಮೇಲೆ ಹೋದಾಗ ಎಲ್ಲೆಲ್ಲೋ ಊದ್ತಿದ್ದ, ಕಿರುಚಿದ ಹಾಗೆ. ಕುಣಿಯೋರು ಹೆಜ್ಜೆ ತಪ್ತಿದ್ರು. ಹಿಂದೆ ನಿಂತು ನಗ್ತಿದ್ರು. ಅಮ್ಮನಿಗೆ ನೋಡೋಕಾಗ್ಲಿಲ್ಲ. ಇನ್ಮೇಲೆ ಅಪ್ಪನ್ನ ಕರೀಬೇಡಿ ಅಂತ ಹೇಳಿ ಬಾ ಅಂತ ನನ್ನ ಕಳಿಸಿದ್ಲು. ಹೋಗಿ ಹೇಳಿ ಬಂದೆ. ಈಗ ಕಾರ್ಯದರ್ಶಿ ಹೊಸಬ, ಅವನಿಗೇನು ಗೊತ್ತು?"

"ನನಗೂ ಹೇಳ್ಲಿಲ್ಲ ನೀವು."

"ಅಮ್ಮ ಆಣೆ ಹಾಕ್ಸಿದ್ಲು." ಅವನು ತಟ್ಟೆ ಇಟ್ಟ. "ನೀನೂ ಹೇಳ್ಬೇಡ. ನಾನು ಕಾರ್ಯದರ್ಶಿನ ನೋಡಿ, ಸಭೆ ಪಟ್ಟಿಯಿಂದ ಅಪ್ಪನ ಹೆಸರು ತೆಗ್ಸಿಬಿಡ್ತೀನಿ."

"ಮತ್ತೆ ಬೆನ್ನ ಹಿಂದೆನಾ?"

"ಮತ್ತೇನು ಮಾಡ್ಲಿ? ಊರವರ ಮುಂದೆ ನಿಂತು ಅಮ್ಮನ ಹಾಡನ್ನೇ ಅವನು ಕೆಡಿಸೋದು ನೋಡ್ಲಾ?"

ಅವಳು ಉಳಿದ ಪಾತ್ರೆಗಳನ್ನು ತಿಕ್ಕಿ ಮುಗಿಸಿದಳು. ಆದರೆ ಅವಳು ಸುಮ್ಮನೆ ಕೂರುವ ಪೈಕಿಯವಳಲ್ಲ. ಬೆಸುಗೆಯವಳ ಹತ್ತಿರ ಹೋಗಿ ವಿಷಯ ಹೇಳಿದಳು. ಆಕೆ ಗಲ್ಲಕ್ಕೆ ಕೈ ಕೊಟ್ಟು ಯೋಚಿಸಿ, ದಪ್ಪ ಕೊಳವೆಯೊಂದನ್ನು ತೆಗೆದುಕೊಂಡಳು. ಉದ್ದ ಜಾಸ್ತಿಯಾದರೆ ದನಿ ಇಳಿಯುತ್ತದೆ, ಮೇಲಿನ ಸ್ವರವೂ ಕಿವಿಗೆ ಎಟಕುವಷ್ಟು ಕೆಳಗೆ ಬರುತ್ತದೆ ಎಂದಳು. ಮೂರು ದಿನದಲ್ಲಿ ಮೊಳದುದ್ದದ ಕೊಳಲು ಸಿದ್ಧವಾಯಿತು. ಬೆಲೆ ಹೆಚ್ಚು ಕೇಳಲಿಲ್ಲ.

ಮಾವ ಅಡುಗೆಮನೆಯಲ್ಲೇ ನಿಂತು ಊದಿದರು. ಒಂದೊಂದೇ ತೂತು ಬಿಡುತ್ತ ಮೇಲೆ ಮೇಲೆ ಹೋದರು, ಕೊನೆಯ ಸ್ವರದವರೆಗೂ. ಕಣ್ಣು ಅರಳಿತು.

"ಮಾತಾಡುತ್ತೆ ಇದು!" ಎಂದರು. "ಪೂರ್ತಿ ಮಾತಾಡುತ್ತೆ ಕಣಮ್ಮ!"

ಆ ಹೊತ್ತು ಅವಳ ಖುಷಿಗೆ ಮಿತಿ ಇರಲಿಲ್ಲ. ಅದು ಬಾಳಿದ್ದು ಎರಡು ದಿನ. ಉದ್ದದ ಕೊಳಲಿಗೆ ತೂತುಗಳೂ ದೂರ ದೂರ. ಮಾವನ ಎಡಗೈಯ ಉಂಗುರದ ಬೆರಳು ಹಿಂದೊಮ್ಮೆ ಮಗ್ಗದ ಪಟ್ಟಿಗೆ ಸಿಕ್ಕಿ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಉಳಿದ ಗೆಣ್ಣುಗಳು ಊದಿದ್ದವು. ಒಂದೊಂದೇ ಸ್ವರ ಹಿಡಿಯಬಹುದಿತ್ತು. ಹಾಡಿನ ಓಟಕ್ಕೆ ಬೆರಳು ತೂತು ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕುಳಿತರು. ಎಣ್ಣೆ ಹಚ್ಚಿ ನೀವಿಕೊಂಡರು. ಮೂರನೇ ದಿನ ಊಟದ ಹೊತ್ತಿಗೆ ಆ ಕೊಳಲನ್ನು ತಂದು ತಟ್ಟೆಯ ಪಕ್ಕ ಇಟ್ಟರು.

"ಒಂದು ಮಾತು ಕೇಳ್ತೀನಿ. ನಾನು ಕೇಳಿದ್ದು ಗಿಡ್ಡದ್ದು, ನೀನು ತಂದಿದ್ದು ಉದ್ದದ್ದು. ಯಾಕೆ?"

"ದನಿ ಮೆತ್ತಗಿರುತ್ತೆ ಅಂತ, ಮಾವ…"

"ಮಗಳೇ, ಮಗ್ಗದ ಮುಂದೆ ಮಾತು ಕಿವಿಗೆ ಬೀಳಲ್ಲ. ನಾವೆಲ್ಲ ಮುಖ ನೋಡಿ ತಿಳ್ಕೋತಿದ್ವಿ. ನಿನ್ನ ಮುಖ ಒಂದು ವಾರದಿಂದ ಬೇರೇನೋ ಹೇಳ್ತಿದೆ."

ಗಂಡ ಬೇಡವೆಂಬಂತೆ ಕಣ್ಣು ಸನ್ನೆ ಮಾಡಿದ. ಅದನ್ನೂ ಮಾವ ನೋಡಿದರು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ.

"ಆ ಗಿಡ್ಡ ಕೊಳಲುಗಳಲ್ಲಿ ಏನೂ ದೋಷ ಇರ್ಲಿಲ್ಲ ಮಾವ. ಮೂರೂ ಮೇಲೆ ನುಡೀತಿದ್ವು. ನಾನೇ ಕೇಳಿದೆ."

ಮಾವ ಅನ್ನದಲ್ಲಿಟ್ಟ ಕೈ ತೆಗೆಯಲಿಲ್ಲ. ತಮ್ಮ ಕಿವಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಅವಳಿಗೆ ಗೊತ್ತಿತ್ತಾ?"

"ಗೊತ್ತಿತ್ತು ಅಪ್ಪ," ಎಂದ ಮಗ.

"ಸಭಾಂಗಣದಲ್ಲಿ ನನ್ನನ್ನ ಕರಿಯೋದು ನಿಲ್ಲಿಸಿದ್ದು?"

"ನಾನು ಹೋಗಿ ಹೇಳಿದ್ದೆ. ಅಮ್ಮ ಕಳಿಸಿದ್ಲು."

"ಈಗೆಲ್ಲ ರೆಕಾರ್ಡ್ ಹಾಕ್ಕೊಂಡು ಕುಣೀತಾರೆ, ನಮ್ಮ ಕಾಲ ಆಯ್ತು ಬಿಡಿ ಅಂದ್ಲು. ನಾನು ನಂಬಿದೆ."

ಇಷ್ಟು ಹೊತ್ತು ಪಿಳಿಪಿಳಿ ನೋಡುತ್ತಿದ್ದ ಮೆಣಸು ಆಗ ಬಾಯಿ ಹಾಕಿದಳು. "ಅದಕ್ಕೇನಾ ಅಜ್ಜಿ ದಾರದ ಹಾಡನ್ನ ಎರಡು ಥರ ಹಾಡ್ತಿದ್ದಿದ್ದು?"

"ಯಾವ ಎರಡು ಥರ?" ಎಂದರು ಮಾವ.

"ಅಡುಗೆಮನೇಲಿ ನನಗೆ ಹೇಳ್ಕೊಡುವಾಗ ಮೂರನೇ ಸಾಲು ಮೇಲೆ ಹೋಗ್ತಿತ್ತು. ನಿಮ್ಮ ಜೊತೆ ಹಾಡುವಾಗ ಕೆಳಗೇ ಇರ್ತಿತ್ತು. ಯಾಕಜ್ಜಿ ಅಂದ್ರೆ, ತಾತನಿಗೆ ಹೀಗೇ ಇಷ್ಟ ಅಂತಿದ್ಲು." ಎರಡನ್ನೂ ಅವಳು ಹಾಡಿ ತೋರಿಸಿದಳು. ಮಾವ ಅವಳ ಗಂಟಲನ್ನೇ ನೋಡುತ್ತಿದ್ದರು.

"ಮೇಲೆ ಹೋಗ್ತಿತ್ತಾ ಅವಳ ದನಿ?"

"ಹೂಂ ತಾತ. ಸಲೀಸಾಗಿ!"

ಮಾವ ಕೈ ತೊಳೆಯದೆ ಹಾಗೇ ಕುಳಿತರು. ಯಾರಿಗೂ ಅಲ್ಲದ ಹಾಗೆ ಮಾತಾಡಿದರು.

"ನಾನು ಅವಳನ್ನ ಆಡ್ಕೋತಿದ್ದೆ. ನೆಂಟರ ಮುಂದೆ, ನೆರೆಯವರ ಮುಂದೆ. ಮುದುಕಿಗೆ ಮಂಡಿನೋವು ಗಂಟಲಿಗೂ ಬಂದಿದೆ, ಮೂರನೇ ಸಾಲಿನ ಮೆಟ್ಟಿಲು ಹತ್ತೋಕಾಗಲ್ಲ ಅಂತ. ಅವಳಿಗೋಸ್ಕರ ಅಂದ್ಕೊಂಡು ನಾನೂ ಕೆಳಗೇ ಊದ್ತಿದ್ದೆ. ಏಳು ವರ್ಷ. ಎಲ್ಲರೂ ನಗ್ತಿದ್ರು. ಎಲ್ಲರಿಗಿಂತ ಜೋರಾಗಿ ಅವಳೇ ನಗ್ತಿದ್ಲು."

ಆಮೇಲೆ ಮಾವ ಅವರ ಜೊತೆ ಊಟಕ್ಕೆ ಕೂರಲಿಲ್ಲ. ಎಲ್ಲರದೂ ಮುಗಿದ ಮೇಲೆ ಬಂದು, ತಾವೇ ಹಾಕಿಕೊಂಡು, ನಿಂತೇ ತಿಂದು ತಟ್ಟೆ ತೊಳೆದಿಡುತ್ತಿದ್ದರು. ಅತ್ತೆಯ ಹೆಸರು ಎತ್ತಿದರೆ ಎದ್ದು ಹೋಗುತ್ತಿದ್ದರು. ಒಮ್ಮೆ ಮಾತ್ರ, ಸೊಸೆ ಕಾಯಿಪಲ್ಲೆ ಹೆಚ್ಚುತ್ತಿದ್ದಾಗ ಬಾಗಿಲಲ್ಲಿ ನಿಂತು, "ಕೂಸಿಗೆ ಮಾಡಿದ ಹಾಗೆ ಮಾಡಿದ್ಲು ನನಗೆ," ಎಂದರು. "ಗಂಡ ಅಂತ ನೋಡ್ಲಿಲ್ಲ. ಒಂದು ಸಲ, ನಿನ್ನ ಕಿವಿ ಹೋಗಿದೆ ಕಣೋ ಮುದುಕ ಅಂದಿದ್ರೆ ಸಾಕಿತ್ತು." ಉತ್ತರಕ್ಕೆ ಕಾಯದೆ ತಾರಸಿ ಹತ್ತಿದರು.

"ನೆಮ್ಮದಿ ಆಯ್ತಾ ನಿನಗೆ?" ಗಂಡ ಸಮವಸ್ತ್ರ ಹಾಕಿಕೊಳ್ಳುತ್ತ ಕೇಳಿದ. "ಅಮ್ಮ ಸತ್ಲು ಅಂತ ಅಳ್ತಿದ್ದ. ಈಗ ಅಮ್ಮ ಮೋಸ ಮಾಡಿದ್ಲು ಅಂತ ಅಳ್ತಿದಾನೆ. ಅವನ ಹತ್ರ ಉಳಿದಿದ್ದು ಅಮ್ಮನ ನೆನಪೊಂದೇ, ಅದನ್ನೂ ಕಿತ್ಕೊಂಡೆ."

ಅವಳು ಅವನ ಊಟದ ಡಬ್ಬಿ ಮುಚ್ಚಿ ಕೈಗೆ ಕೊಟ್ಟಳು. ಅವನು ಮೆಟ್ಟಿಲಿಳಿದ ಮೇಲೆ ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತಳು. ಕೆಲಸಕ್ಕೆ ಹೊತ್ತಾಗುತ್ತಿತ್ತು. ಮುಖ ತೊಳೆದು ಹೊರಟಳು.

ಅವಳದೇ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಗೆ ಹೆಸರು ಬರೆಸಿದಳು. ಬರುವುದಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದಳು. ಮಾವ ಮರುಮಾತಿಲ್ಲದೆ ಚಪ್ಪಲಿ ಮೆಟ್ಟಿದರು. ಗಾಜಿನ ಕೋಣೆಯೊಳಗೆ ಅವರ ಕಿವಿಗೆ ಯಂತ್ರ ಸಿಕ್ಕಿಸಿ, ಕೈಗೆ ಗುಂಡಿ ಕೊಟ್ಟು, ಸದ್ದು ಕೇಳಿದಾಗಲೆಲ್ಲ ಒತ್ತಿ ಎಂದರು. ಮೊದಮೊದಲು ಮಾವ ಬೇಗ ಬೇಗ ಒತ್ತಿದರು. ಆಮೇಲೆ ನಿಂತಿತು. ಹೊರಗೆ ಹುಡುಗಿಯೊಬ್ಬಳು ತಿರುಗಣೆ ತಿರುಗಿಸುತ್ತಲೇ ಇದ್ದಳು, ಕಾಗದದ ಮೇಲೆ ಗೆರೆ ಇಳಿಯುತ್ತಲೇ ಇತ್ತು. ಮಾವ ಹೆಬ್ಬೆರಳನ್ನು ಗುಂಡಿಯ ಮೇಲೆ ಸಿದ್ಧವಾಗಿಟ್ಟುಕೊಂಡು, ಪರೀಕ್ಷೆಗೆ ಕೂತ ಮಗುವಿನ ಹಾಗೆ ಕಾಯುತ್ತಲೇ ಇದ್ದರು. ಅವಳು ಗಾಜಿನ ಈಚೆ ಮುಖ ತಿರುಗಿಸಿಕೊಂಡಳು.

ಯಂತ್ರ ಹಾಕಿಸಿದರೆ ಮಾತು ಸ್ವಲ್ಪ ತಿಳಿಯಾಗುತ್ತದೆ ಎಂದರು ಡಾಕ್ಟರು. ಕೊಳಲಿನ ಮೇಲಿನ ಸ್ವರ? ಅದು ತಿರುಗಿ ಬರುವುದಿಲ್ಲ ಎಂದು ಕಾಗದದ ಮೇಲೆ ಬರೆದೇ ತೋರಿಸಿದರು.

ಮಾವ ಆ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, "ಬೆಸುಗೆಯವಳ ಅಂಗಡಿ ತೆಗೆದಿರುತ್ತಾ ಈಗ?" ಎಂದರು.

"ಯಾಕೆ ಮಾವ?"

"ಮೆಣಸನ್ನ ಸ್ಕೂಲಿಂದ ಕರ್ಕೊಂಡು ಹೋಗೋಣ. ಅವಳು ನುಡಿಸ್ಲಿ. ಇನ್ನೂ ಎಂಟು ದಿನ ಇದೆ."

ಬೆಸುಗೆಯವಳು ಐದು ಗಿಡ್ಡ ಕೊಳಲು ಚರ್ಮದ ಮೇಲೆ ಸಾಲಾಗಿ ಇಟ್ಟಳು. ಮಾವ ಒಂದೊಂದನ್ನೂ ಹುಡುಗಿಯ ಕೈಗೆ ಕೊಟ್ಟು ಬೆರಳು ಹೇಗೆ ಕೂರುತ್ತದೆ ನೋಡಿದರು. ತಾವೊಮ್ಮೆ ಊದಿ, ಅಂಗೈಯನ್ನು ಬಾಯಿಯ ಕಿಂಡಿಯ ಮುಂದೆ ಹಿಡಿದು ಗಾಳಿ ಎಷ್ಟು ಪೋಲಾಗುತ್ತದೆ ಎಂದು ಅಳೆದರು. ಎರಡನ್ನು ಅಲ್ಲೇ ಬದಿಗಿಟ್ಟರು. ಉಳಿದ ಮೂರನ್ನು ಮೇಲಿನವರೆಗೆ ಊದಲು ಹುಡುಗಿಗೆ ಹೇಳಿ, ಸೊಸೆಯ ಕಡೆ ತಿರುಗಿದರು.

"ನೀನು ಕೇಳಿ ಹೇಳು. ಚುಚ್ಚುತ್ತಾ, ತಾಗುತ್ತಾ, ಅಳುತ್ತಾ? ನಿನಗನಿಸಿದ್ದನ್ನೇ ಹೇಳು. ಸುಳ್ಳು ಬೇಡ."

"ನನಗೆ ಸಂಗೀತ ಗೊತ್ತಿಲ್ಲ ಮಾವ."

"ಕಿವಿ ಇದೆಯಲ್ಲ. ಸಾಕು."

ಮೊದಲನೆಯದು ಇಸ್ತ್ರಿಪೆಟ್ಟಿಗೆಗೆ ನೀರು ಬಿದ್ದ ಹಾಗಿದೆ ಎಂದಳು. ಎರಡನೆಯದು ಅಳುತ್ತದೆ. ಮೂರನೆಯದು… ಮೂರನೆಯದಕ್ಕೆ ಮಾತು ಹುಡುಕುತ್ತ ನಿಂತಳು. ಮಾವ ಅವಳ ಮುಖ ನೋಡಿ, "ಇದೇ," ಎಂದು ಜೇಬಿಗೆ ಕೈ ಹಾಕಿದರು. ಅದರ ಮೈಮೇಲೆ ಸುತ್ತಿಗೆಯ ಒಂದು ಸಣ್ಣ ತಗ್ಗಿತ್ತು. ಬೆಸುಗೆಯವಳು ಅದಕ್ಕೆಂದು ಬೆಲೆ ಇಳಿಸಿದಳು.

ಎಂಟು ದಿನವೂ ತಾತ ಮೊಮ್ಮಗಳು ತಾರಸಿಯಲ್ಲಿದ್ದರು. ಸೊಸೆ ಬಟ್ಟೆ ಒಣಹಾಕಲು ಹೋದಾಗಲೆಲ್ಲ ನೋಡುತ್ತಿದ್ದಳು. ಮಾವ ಹುಡುಗಿಯ ಬೆರಳನ್ನೇ ನೋಡಿ ತಪ್ಪು ಹಿಡಿಯುತ್ತಿದ್ದರು. "ನಾಲ್ಕನೇ ಬೆರಳು ಬೇಗ ಎದ್ದಿತು. ಅಲ್ಲೇ ಉಸಿರು ತಗೋಬೇಡ, ದಾರ ಕಡಿದುಹೋಗುತ್ತೆ." ಮೂರನೇ ಸಾಲಿಗೆ ಬಂದಾಗ ಹುಡುಗಿ ಒಂದು ದಿನ ಕೊಳಲು ಇಳಿಸಿ ಕೇಳಿದಳು.

"ತಾತ, ಸಭೇಲಿ ಇದನ್ನ ಅಜ್ಜಿ ಥರ ಕೆಳಗೇ ನುಡಿಸ್ಲಾ? ಆಗ ನಿಮಗೂ ಕೇಳುತ್ತೆ."

"ಬೇಡ."

"ಒಂದೇ ಸಾಲು ತಾತ."

"ನನಗೋಸ್ಕರ ಇಳಿಸ್ಬೇಡ ಮಗೂ. ಅವಳು ಇಳಿಸಿದ್ದು ಸಾಕು."

ಒದ್ದೆ ಬಟ್ಟೆ ಹಿಡಿದು ನಿಂತಿದ್ದ ಸೊಸೆ ಮೆಲ್ಲಗೆ ಕೆಳಗಿಳಿದಳು. ಆ ದಿನ ಮಾವ ಎಲ್ಲರ ಜೊತೆ ಊಟಕ್ಕೆ ಕುಳಿತರು.

ಸಭಾಂಗಣ ತುಂಬಿತ್ತು. ಎಲ್ಲ ನರೆತ ತಲೆಗಳು, ಜೋರು ದನಿಗಳು. ಮಗ್ಗದವರಲ್ಲವೇ, ಪಕ್ಕದಲ್ಲಿದ್ದವರಿಗೂ ಕೂಗಿ ಹೇಳುತ್ತಿದ್ದರು. ಅತ್ತೆಯ ಹೆಸರು ಕರೆದಾಗ ಮೆಣಸು ಎದ್ದು ಮುಂದೆ ಹೋದಳು. ಮಾವ ಮೊದಲ ಸಾಲಿನಲ್ಲಿ ಮಗ ಸೊಸೆಯ ನಡುವೆ ಕುಳಿತಿದ್ದರು.

ಮೊದಲ ಎರಡು ಸಾಲಿಗೆ ಅವರ ತಲೆ ಸಣ್ಣಗೆ ತೂಗುತ್ತಿತ್ತು. ಮೂರನೆಯದು ಬಂತು. ಕೊಳಲು ಮೇಲೇರಿತು, ತಡವರಿಸಲಿಲ್ಲ, ಏರಿದಲ್ಲೇ ನಿಂತು ಒಮ್ಮೆ ತಿರುಗಿ ಇಳಿಯಿತು. ಸಭಾಂಗಣದಲ್ಲಿ ಕೆಮ್ಮು ಕೂಡ ನಿಂತುಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು, "ಅಯ್ಯೋ, ಅವಳೇ ಹಾಡಿದ ಹಾಗಿದೆಯಲ್ಲೇ," ಎಂದು ಬಿಕ್ಕಿದಳು. ಗಂಡ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಗಳಗಳನೆ ಅಳುತ್ತಿದ್ದ. ಮಾವ ಮೊಮ್ಮಗಳ ಬೆರಳನ್ನು ನೋಡಿದರು, ಆ ಕಡೆ ಈ ಕಡೆಯ ಮುಖಗಳನ್ನು ನೋಡಿದರು, ಅಳುತ್ತಿದ್ದ ಮಗನನ್ನು ನೋಡಿದರು. ಮಂಡಿಯ ಮೇಲೆ ಅವರ ಬೆರಳುಗಳೂ ಅದೇ ಹಾದಿಯಲ್ಲಿ ಏರಿ ಇಳಿಯುತ್ತಿದ್ದವು. ಅವರ ಕಣ್ಣು ಮಾತ್ರ ಒಣಗಿತ್ತು. ನಾಲ್ಕನೇ ಸಾಲಿಗೆ ಕೊಳಲು ಕೆಳಗಿಳಿದು ಮತ್ತೆ ಕಿವಿಗೆ ಸಿಕ್ಕಾಗ ತಲೆ ಪುನಃ ತೂಗತೊಡಗಿತು.

"ಬಂತಾ?" ಸೊಸೆಯ ಕಡೆ ವಾಲಿ ಕೇಳಿದರು.

"ಬಂತು ಮಾವ."

"ಪೂರ್ತಿ?"

"ಪೂರ್ತಿ."

ಅವರು ಮಗನ ಬೆನ್ನ ಮೇಲೆ ಕೈಯಿಟ್ಟರು. ಎಷ್ಟೋ ದಿನದ ಮೇಲೆ.

ಮನೆ ಹತ್ತಿರವೇ, ಇನ್ನೂ ಬೆಳಕಿತ್ತು. ನಡೆದೇ ಹೊರಟರು. ಗಂಡ ಮತ್ತು ಮೆಣಸು ಹತ್ತು ಹೆಜ್ಜೆ ಮುಂದೆ, ಸೊಸೆ ಮಾವನ ಜೊತೆ ಹಿಂದೆ. ಸ್ವಲ್ಪ ದೂರ ನಡೆದ ಮೇಲೆ ಮಾವ ಕೇಳಿದರು.

"ಅವಳು ಅಡುಗೆಮನೇಲಿ ಹಾಡ್ತಿದ್ದಾಗ ನೀನು ಅಲ್ಲೇ ಇರ್ತಿದ್ದೆ ಅಲ್ವಾ? ಮೇಲೆ ಹೋದಾಗ ಹೇಗಿರ್ತಿತ್ತು ಅವಳ ದನಿ? ಹೇಳು."

ಅವಳು ನೆನಪಿನಲ್ಲಿ ತಡಕಾಡಿದಳು. ಅದೇ ಅಡುಗೆಮನೆ, ಎಷ್ಟೋ ಸಂಜೆ. ಹಿಟ್ಟು ನಾದುವ ಅತ್ತೆಯ ಮೊಣಕೈ ನೆನಪಾಯಿತು. ಸುರಿಯುವ ನಲ್ಲಿ ನೆನಪಾಯಿತು. ಒಳಗೆ ಮಲಗಿರುವ ಗಂಡ, ನೋಯುವ ತನ್ನ ಸೊಂಟ, 'ಅತ್ತೆ, ಸ್ವಲ್ಪ ಮೆಲ್ಲಗೆ, ಅವರು ಮಲಗಿದಾರೆ' ಎನ್ನುವ ತನ್ನದೇ ಮಾತು. ಎಷ್ಟು ಸಲ ಹಾಗೆಂದಿದ್ದಳೋ ಲೆಕ್ಕವಿಲ್ಲ. ಹಾಡು ಮಾತ್ರ ಎಲ್ಲೂ ಸಿಗಲಿಲ್ಲ. ಚೆನ್ನಾಗಿತ್ತು ಮಾವ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರು ಅವಳ ಮುಖವನ್ನೇ ನೋಡುತ್ತಿದ್ದರು.

"ನಾನು ಕೇಳಿಸ್ಕೊಳ್ಳಲಿಲ್ಲ ಮಾವ," ಎಂದಳು. "ಮೆಲ್ಲಗೆ ಹಾಡಿ ಅಂತಿದ್ದೆ."

"ಅಂದಾಗ ನಿಲ್ಲಿಸ್ತಿದ್ಲಾ?"

"ನಿಲ್ಲಿಸ್ತಿದ್ರು."

ಮಾವ ತಲೆಯಾಡಿಸಿದರು. ಬೈಯಲಿಲ್ಲ. ಅವರ ಮುಖದಲ್ಲಿದ್ದದ್ದು ಸಿಟ್ಟಲ್ಲ. ಅದಕ್ಕೇನು ಹೆಸರೋ ಅವಳಿಗೆ ತಿಳಿಯಲಿಲ್ಲ.

ಮುಂದೆ ಹೋಗುತ್ತಿದ್ದ ಮೆಣಸು ಕೈಯಲ್ಲಿದ್ದ ಕೊಳಲನ್ನು ತುಟಿಗಿಟ್ಟು, ನಡೆಯುತ್ತಲೇ ಮೂರನೇ ಸಾಲನ್ನು ಊದತೊಡಗಿದಳು. ಸೊಸೆಯ ಕಾಲು ತಾನಾಗಿ ನಿಂತಿತು. ಬೀದಿಯ ನಡುವೆ, ಹೋಗುವವರು ಬರುವವರು ಬಳಸಿಕೊಂಡು ಹೋಗುತ್ತಿರಲು, ಅವಳು ಉಸಿರು ಹಿಡಿದು ಕೇಳಿದಳು. ಮಾವನೂ ನಿಂತರು. ಯಾಕೆ ಎಂದು ಕೇಳಲಿಲ್ಲ. ಅವಳು ಕೇಳಿ ಮುಗಿಸುವವರೆಗೂ ಪಕ್ಕದಲ್ಲಿ ಕಾದರು.